ಹಡಗು ಹತ್ತಲು ಒಂಬತ್ತು ಗಂಟೆ ಚಾರ್ಟರ್ ವಿಮಾನ: ಕಂಪನಿಯದ್ದೇ ಇರಲಾ, ನಾವೇ ಟಿಕೆಟ್ ಮಾಡಿಸಬೇಕಾ?

ಪ್ರಶ್ನೆ: ನನಗೆ 67 ವರ್ಷ, ನನ್ನ ಹೆಂಡತಿಗೆ 64. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಇದ್ದೇವೆ. ಬರುವ ಜನವರಿಯಲ್ಲಿ ಬಾರ್ಬಡೋಸ್‌ನಿಂದ ಹೊರಡುವ ಎರಡು ವಾರದ ಕೆರಿಬಿಯನ್ ಕ್ರೂಸ್‌ಗೆ ಹೋಗಬೇಕೆಂದು ಆಸೆ. ಹಡಗಿನ ಕಂಪನಿ ಹೇಳಿದ ಬೆಲೆಯಲ್ಲೇ ಚಾರ್ಟರ್ ವಿಮಾನವೂ ಸೇರಿದೆ. ಆದರೆ ಒಮ್ಮೆ ಹೋಗಿ ಬಂದ ಸ್ನೇಹಿತರು ಹೆದರಿಸಿದ್ದಾರೆ. ಸೀಟು ತುಂಬಾ ಇಕ್ಕಟ್ಟು, ಯಾರ ವಿಮಾನ ಬರುತ್ತದೋ ಕೊನೆಯ ತನಕ ಗೊತ್ತಾಗುವುದಿಲ್ಲ, ತಡ ಆದರೆ ಕೇಳುವವರಿಲ್ಲ ಅಂತಾರೆ. ನನಗೆ ಬಲಗಾಲಿನ ಮಂಡಿ ನೋವು ಬೇರೆ. ಬರೀ ಹಡಗಿಗೆ ದುಡ್ಡು ಕಟ್ಟಿ, ವಿಮಾನದ ಟಿಕೆಟ್ ನಾವೇ ಬೇರೆ ಮಾಡಿಸಿಕೊಂಡರೆ ಒಳ್ಳೆಯದಲ್ವಾ?

ಉತ್ತರ: ಕಂಪನಿಯ ವಿಮಾನದಲ್ಲೇ ಹೋಗಿ. ಆದರೆ ಮಾಮೂಲಿ ಸೀಟಿನಲ್ಲಿ ಹೋಗಬೇಡಿ. ಇಷ್ಟೇ ನನ್ನ ಉತ್ತರ. ಇನ್ನು ಅದಕ್ಕೆ ಕಾರಣ ಹೇಳುತ್ತೇನೆ.

ಚಾರ್ಟರ್ ಅಂದರೆ ದಿಬ್ಬಣಕ್ಕೆ ಬಸ್ಸು ಗೊತ್ತು ಮಾಡಿದ ಹಾಗೆ. ಮಾಮೂಲಿ ವಿಮಾನ ಲೈನ್ ಬಸ್ಸಿನಂತೆ. ನೀವು ಬಂದರೂ ಬರದಿದ್ದರೂ ತನ್ನ ಹೊತ್ತಿಗೆ ಹೊರಡುತ್ತದೆ, ಪ್ರತಿ ಸೀಟನ್ನೂ ಬಿಡಿಯಾಗಿ ಮಾರುತ್ತದೆ. ಚಾರ್ಟರ್‌ನಲ್ಲಿ ಹಡಗಿನ ಕಂಪನಿ ಇಡೀ ವಿಮಾನವನ್ನೋ ಅದರ ದೊಡ್ಡ ಭಾಗವನ್ನೋ ಇಡೀ ಸೀಸನ್ನಿಗೆ ಮಾತಾಡಿಕೊಂಡಿರುತ್ತದೆ. ಬ್ರಿಟನ್ನಿನಿಂದ ಚಳಿಗಾಲದಲ್ಲಿ ಕೆರಿಬಿಯನ್‌ಗೆ ಹೋಗುವ ಕ್ರೂಸ್‌ಗಳು ಹೆಚ್ಚಾಗಿ ಹೀಗೇ ನಡೆಯುವುದು. ಪಿ ಅಂಡ್ ಒ ಕ್ರೂಸಸ್ ಹೀಗೆ ಬೇರೆಯವರ ವಿಮಾನಗಳನ್ನು ಗೊತ್ತು ಮಾಡುತ್ತದೆ. ಮರೆಲ್ಲಾ ಕ್ರೂಸಸ್ ತನ್ನದೇ ವಿಮಾನಗಳಿರುವ ಟುಯಿ ಎಂಬ ಪ್ರವಾಸ ಕಂಪನಿಯ ಗುಂಪಿಗೇ ಸೇರಿದ್ದು, ಹಾಗಾಗಿ ಅವರ ಪ್ರಯಾಣಿಕರು ಹೆಚ್ಚಾಗಿ ಟುಯಿಯ ವಿಮಾನದಲ್ಲೇ ಹೋಗುತ್ತಾರೆ. ಮ್ಯಾಂಚೆಸ್ಟರ್‌ನಂಥ ಊರಿನವರಿಗೆ ಇದರಲ್ಲಿ ಒಂದು ಲಾಭ ಇದೆ. ಲಂಡನ್ನಿಗೆ ಹೋಗಿ ವಿಮಾನ ಬದಲಿಸುವ ಕೆಲಸ ಇಲ್ಲ, ಮನೆ ಹತ್ತಿರದಿಂದಲೇ ನೇರವಾಗಿ ಹಾರಬಹುದು.

ದಿಬ್ಬಣದ ಮಾತು ಸುಮ್ನೆ ಹೇಳಲಿಲ್ಲ. ದಿಬ್ಬಣದ ಬಸ್ಸು ಬರುವ ತನಕ ಮುಹೂರ್ತದ ಮನೆಯವರು ಬಾಗಿಲಲ್ಲೇ ನಿಂತಿರುತ್ತಾರೆ, ಅಲ್ವಾ? ಹಡಗೂ ಹಾಗೆಯೇ. ಒಂದು ವಿಮಾನದಲ್ಲಿ ಅದರದೇ ಮುನ್ನೂರು ಜನ ಬರುತ್ತಿದ್ದಾರೆ. ಆ ಮುನ್ನೂರು ಜನರ ಊಟ, ಕೋಣೆ, ದುಡ್ಡು ಎಲ್ಲಾ ಕಂಪನಿಯ ತಲೆ ಮೇಲಿದೆ. ವಿಮಾನ ನಾಲ್ಕೈದು ಗಂಟೆ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಮೊದಲ ರಾತ್ರಿಯ ದಾರಿಯಲ್ಲಿ ವೇಗ ಹೆಚ್ಚಿಸಿ ಹೊತ್ತು ಸರಿಮಾಡಿಕೊಳ್ಳುತ್ತದೆ. ಕಾಯಲು ಆಗದಷ್ಟು ತಡವಾದರೆ ನಿಮ್ಮನ್ನು ಮುಂದಿನ ದ್ವೀಪಕ್ಕೆ ಮುಟ್ಟಿಸುವುದು ಕಂಪನಿಯ ಕೆಲಸ. ಹೋಟೆಲ್ಲೂ ಅವರದೇ, ಟಿಕೆಟ್ಟೂ ಅವರದೇ. ವಿಮಾನ, ಹಡಗು ಎರಡನ್ನೂ ಸೇರಿಸಿ ಮಾರಿದವರೇ ಪ್ರವಾಸ ನಡೆಸಿಕೊಡಬೇಕು ಎಂದು ಬ್ರಿಟನ್ನಿನ 2018ರ ಪ್ಯಾಕೇಜ್ ಪ್ರವಾಸದ ನಿಯಮವೇ ಹೇಳುತ್ತದೆ.

ನೀವೇ ಟಿಕೆಟ್ ಮಾಡಿಸಿಕೊಂಡರೆ ಈ ಎಳೆ ಕಡಿದುಹೋಗುತ್ತದೆ. ವಿಮಾನದವರಿಗೆ ನಿಮ್ಮ ಹಡಗಿನ ಸಂಬಂಧ ಇಲ್ಲ. ಹಡಗಿನವರಿಗೆ ನಿಮ್ಮ ವಿಮಾನದ ಸಂಬಂಧ ಇಲ್ಲ. ಇಬ್ಬರಿಗಾಗಿ ಯಾವ ಹಡಗೂ ನಿಲ್ಲುವುದಿಲ್ಲ. ಹೊರಡುವುದಕ್ಕೆ ಒಂದು ಒಂದೂವರೆ ಗಂಟೆ ಮೊದಲೇ ಹತ್ತುವವರ ಪಟ್ಟಿ ಮುಚ್ಚಿಬಿಡುತ್ತಾರೆ. ಕ್ರೂಸ್ ಪ್ರಯಾಣ ಹೊಂದಿಸಿಕೊಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೇನೆ. ಒಂದು ಚಳಿಗಾಲ ಎರಡೂ ಥರದವರನ್ನು ಒಂದೇ ವಾರದಲ್ಲಿ ನೋಡಿದೆ. ಚಾರ್ಟರ್‌ನಲ್ಲಿ ಹೋದವರ ವಿಮಾನ ಕೆಟ್ಟು ಏಳು ಗಂಟೆ ತಡವಾಯಿತು. ಅವರು ರಾತ್ರಿ ಹನ್ನೊಂದಕ್ಕೆ ಹಡಗು ಹತ್ತಿ, ತೆರೆದಿಟ್ಟಿದ್ದ ಊಟದ ಮನೆಯಲ್ಲಿ ಬಿಸಿ ಸೂಪ್ ಕುಡಿದು ಮಲಗಿದರು. ಸ್ವಂತವಾಗಿ, ನಡುವೆ ಒಂದು ಕಡೆ ವಿಮಾನ ಬದಲಿಸಿಕೊಂಡು ಹೋದ ದಂಪತಿಗೆ ಆ ಬದಲಿ ವಿಮಾನವೇ ತಪ್ಪಿತು. ತಪ್ಪಿದ್ದು ಬರೀ ಎರಡು ಗಂಟೆಯ ತಡದಿಂದ. ಅವರು ಹಡಗನ್ನು ಹಿಡಿದದ್ದು ಮೂರನೇ ದ್ವೀಪದಲ್ಲಿ, ತಮ್ಮದೇ ಖರ್ಚಿನಲ್ಲಿ. ಆ ಮೂರು ದಿನ ಆಯಮ್ಮ ಫೋನಿನಲ್ಲಿ ಅತ್ತದ್ದು ನನಗೆ ಇವತ್ತಿಗೂ ನೆನಪಿದೆ.

ಬಾರ್ಬಡೋಸ್‌ನಲ್ಲಿ ಇಳಿದ ಮೇಲೂ ಚಾರ್ಟರ್‌ನವರಿಗೆ ಅನುಕೂಲ ಜಾಸ್ತಿ. ಗ್ರಾಂಟ್ಲಿ ಆಡಮ್ಸ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ. ಹಡಗಿನ ಪ್ರಯಾಣಿಕರನ್ನು ಸಾಮಾನ್ಯವಾಗಿ ನೇರವಾಗಿ ಬಸ್ಸಿಗೆ ಹತ್ತಿಸಿ ಬ್ರಿಜ್‌ಟೌನ್ ಬಂದರಿಗೆ ಕರೆದೊಯ್ಯುತ್ತಾರೆ. ಮ್ಯಾಂಚೆಸ್ಟರ್‌ನಲ್ಲಿ ಕೊಟ್ಟ ದೊಡ್ಡ ಪೆಟ್ಟಿಗೆ ನಿಮ್ಮ ಕೋಣೆಯ ಬಾಗಿಲಿಗೇ ಬರುತ್ತದೆ, ನಡುವೆ ಅದನ್ನು ನೀವು ಮುಟ್ಟುವುದೇ ಬೇಡ. ಮಂಡಿ ನೋವಿನವರಿಗೆ ಇದು ಸಣ್ಣ ಮಾತಲ್ಲ. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಆ ಪೆಟ್ಟಿಗೆ ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಬರಬಹುದು. ಆದ್ದರಿಂದ ಔಷಧಿ, ಕನ್ನಡಕ, ಫೋನಿನ ಚಾರ್ಜರ್, ಒಂದು ಜೊತೆ ತೆಳು ಬಟ್ಟೆ, ಒಂದು ಜೊತೆ ಒಳ ಉಡುಪು ಕೈಚೀಲದಲ್ಲೇ ಇರಲಿ. ಔಷಧಿ ಎರಡು ವಾರಕ್ಕೆ ಬೇಕಾದಷ್ಟೂ ಕೈಚೀಲದಲ್ಲಿ, ಜೊತೆಗೆ ನಾಲ್ಕೈದು ದಿನದ್ದು ಹೆಚ್ಚಿಗೆ. ಪವರ್ ಬ್ಯಾಂಕ್ ಹೇಗೂ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ.

ಈಗ ನಿಮ್ಮ ಸ್ನೇಹಿತರ ದೂರಿಗೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ. ವಿಮಾನ ತುಂಬಿದಷ್ಟೂ ತಲಾ ಖರ್ಚು ಇಳಿಯುತ್ತದೆ, ಅದಕ್ಕೇ ಚಾರ್ಟರ್‌ನಲ್ಲಿ ಸೀಟುಗಳನ್ನು ಹತ್ತಿರ ಹತ್ತಿರ ಜೋಡಿಸುವುದು. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಎಷ್ಟು ದೂರ ಎಂದು ಇಂಚಿನಲ್ಲಿ ಅಳೆಯುತ್ತಾರೆ. ಮಾಮೂಲಿ ದರ್ಜೆಯಲ್ಲಿ ಅದು 28ರಿಂದ 31 ಇಂಚು ಇರುತ್ತದೆ. 31 ಇದ್ದರೆ ಮಧ್ಯಮ ಎತ್ತರದವರು ಹೇಗೋ ತಡೆದುಕೊಳ್ಳಬಹುದು. 29ರಲ್ಲಿ ಮುಂದಿನವರು ಸೀಟು ಹಿಂದಕ್ಕೆ ಒರಗಿಸಿದರೆ ನಿಮ್ಮ ಮಂಡಿಗೆ ತಾಗುತ್ತದೆ. ಪ್ರೀಮಿಯಂ ದರ್ಜೆಯಲ್ಲಿ 36ರಿಂದ 38 ಇಂಚು ಸಿಗುತ್ತದೆ, ಸೀಟಿನ ಅಗಲವೂ ಸ್ವಲ್ಪ ಹೆಚ್ಚು. ಆ ಆರೇಳು ಇಂಚು ಕಾಗದದ ಮೇಲೆ ಏನೂ ಅಲ್ಲ ಅನಿಸುತ್ತದೆ. ಐದನೇ ಗಂಟೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಸ್ವಂತ ಟಿಕೆಟ್‌ಗೆ, ಹಿಂದಿನ ರಾತ್ರಿಯ ಹೋಟೆಲ್ಲಿಗೆ, ಟ್ಯಾಕ್ಸಿಗೆ ಎಂದು ಎತ್ತಿಡಲು ಹೊರಟಿದ್ದ ದುಡ್ಡನ್ನು ಇಲ್ಲಿ ಹಾಕಿ.

ಪ್ರೀಮಿಯಂ ಸೀಟುಗಳು ಕಡಿಮೆ, ಬೇಗ ಮುಗಿದುಹೋಗುತ್ತವೆ. ಅದಕ್ಕೇ ಹಡಗಿನ ಕೋಣೆ ಆರಿಸುವ ದಿನವೇ ಸೀಟೂ ಕೇಳಿ. ಆಮೇಲೆ ನೋಡೋಣ ಅಂದವರಿಗೆ ಸಿಕ್ಕಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಸಿಗಲೇ ಇಲ್ಲ ಅಂದರೆ ಹೆಚ್ಚು ಕಾಲು ಜಾಗ ಇರುವ ಸೀಟಿಗೆ ದುಡ್ಡು ಕಟ್ಟುವ ಅವಕಾಶ ಇದೆಯೇ ಕೇಳಿ. ಆದರೆ ಇಲ್ಲಿ ಒಂದು ತೊಡಕಿದೆ. ಆ ಸೀಟುಗಳಲ್ಲಿ ಅನೇಕವು ತುರ್ತು ಬಾಗಿಲಿನ ಪಕ್ಕದವು. ಅಲ್ಲಿ ಕೂರುವವರು ಅಪಾಯದ ಹೊತ್ತಿನಲ್ಲಿ ಬಾಗಿಲು ತೆರೆದು ಚುರುಕಾಗಿ ಓಡಾಡಬೇಕು. ನಡೆಯಲು ಕಷ್ಟ ಇರುವವರನ್ನು, ಗಾಲಿಕುರ್ಚಿಯ ಸಹಾಯ ಕೇಳಿದವರನ್ನು ಅಲ್ಲಿ ಕೂರಿಸುವುದಿಲ್ಲ. ಎದುರಿಗೆ ಗೋಡೆ ಇರುವ ಮೊದಲ ಸಾಲು ಕೂಡ ಎಲ್ಲರಿಗೂ ಹೊಂದುವುದಿಲ್ಲ. ಮುಂದೆ ಯಾರೂ ಒರಗುವುದಿಲ್ಲ ನಿಜ, ಆದರೆ ಕಾಲನ್ನು ಮುಂದಿನ ಸೀಟಿನ ಕೆಳಗೆ ತೂರಿಸಿ ಚಾಚಲು ಆಗುವುದಿಲ್ಲ.

ನಿಮ್ಮ ನೋವು ಬಲ ಮಂಡಿಯಲ್ಲಿ. ಹಾಗಾದರೆ ನಡೆಯುವ ದಾರಿ ನಿಮ್ಮ ಬಲಕ್ಕೆ ಬರುವಂಥ ಸೀಟು ಹಿಡಿಯಿರಿ. ಆಗಾಗ ಆ ಕಾಲನ್ನು ದಾರಿಗೆ ಚಾಚಬಹುದು, ತಳ್ಳುಗಾಡಿ ಬಂದಾಗ ಎಳೆದುಕೊಂಡರಾಯಿತು. ಹೆಂಡತಿ ನಿಮ್ಮ ಎಡಕ್ಕೆ ಕೂರಲಿ. ಬೋಯಿಂಗ್ 787ರ ಮಾಮೂಲಿ ದರ್ಜೆಯಲ್ಲಿ ಸಾಲಿಗೆ 3-3-3 ಸೀಟು, ಏರ್‌ಬಸ್ 330ರಲ್ಲಿ ಸಾಮಾನ್ಯವಾಗಿ 2-4-2. ಇಬ್ಬರಿಗೇ ಆದರೆ ಆ ಎರಡರ ಜೋಡಿ ಸೀಟು ಬಹಳ ಸುಖ. 787ಕ್ಕೆ ಬೇರೊಂದು ಗುಣ ಇದೆ. ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಹಿಡಿದಿಡುತ್ತದೆ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿಯ ತನಕ ಹೋಗಬಹುದು. ವಯಸ್ಸಾದವರಿಗೆ ಇಳಿದ ಮೇಲೆ ಆಯಾಸ ಕಡಿಮೆ ಅನಿಸುವುದಕ್ಕೆ ಇದೂ ಒಂದು ಕಾರಣ.

ಆದರೆ 787 ಎಂದು ನಂಬಿ ಬುಕ್ ಮಾಡಿದ ಮೇಲೂ ಬೇರೆ ವಿಮಾನ ಬರಬಹುದು. ಚಾರ್ಟರ್ ಕಂಪನಿಗಳ ಹತ್ತಿರ ದೊಡ್ಡ ವಿಮಾನಗಳು ಕೆಲವೇ ಇರುತ್ತವೆ. ಒಂದು ಕೆಟ್ಟರೆ ಬದಲಿ ವಿಮಾನ ಪಕ್ಕದಲ್ಲೇ ನಿಂತಿರುವುದಿಲ್ಲ. ಆಗ ಇನ್ನೊಂದು ಕಂಪನಿಯಿಂದ ವಿಮಾನ, ಪೈಲಟ್, ಸಿಬ್ಬಂದಿ ಸಮೇತ ಬಾಡಿಗೆಗೆ ತರಿಸುತ್ತಾರೆ. ಹೀಗೆ ಬಂದ ವಿಮಾನದಲ್ಲಿ ಪ್ರೀಮಿಯಂ ಸೀಟೇ ಇಲ್ಲದೆಯೂ ಇರಬಹುದು. ಯಾರ ವಿಮಾನ ಎಂದು ನಿಮಗೆ ತಿಳಿಸಲೇಬೇಕು ಎಂಬ ನಿಯಮ ಇದೆ, ಬದಲಾದರೆ ಅದನ್ನೂ ಹೇಳಬೇಕು. ದುಡ್ಡು ಕಟ್ಟಿದ ದರ್ಜೆ ಸಿಗದಿದ್ದರೆ ವಾಪಸ್ ಕೇಳುವ ಹಕ್ಕು ನಿಮ್ಮದು. ಸೀಟಿನ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕಾಲಿನ ವಿಷಯದಲ್ಲಿ ನೋವಿಗಿಂತ ದೊಡ್ಡ ಮಾತು ಒಂದಿದೆ. ಹೊತ್ತುಗಟ್ಟಲೆ ಅಲ್ಲಾಡದೆ ಕೂತರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದರ ಮೇಲಿನ ಅಧ್ಯಯನದ ವರದಿ ಕೊಟ್ಟಿತು. ನಾಲ್ಕು ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಒಟ್ಟಿನಲ್ಲಿ 6,000 ಜನರಲ್ಲಿ ಒಬ್ಬರಿಗೆ ಆಗುವಷ್ಟು ಎಂದು ಅದು ಹೇಳಿತು. ಅಂದರೆ ಹೆದರಬೇಕಾಗಿಲ್ಲ, ಮರೆಯಲೂ ಬಾರದು. ಗಂಟೆಗೊಮ್ಮೆ ಎದ್ದು ಹಿಂದಿನ ತನಕ ನಡೆದು ಬನ್ನಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ನೀರು ಕುಡಿಯಿರಿ. ಹಿಂದೆ ಯಾವಾಗಲಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ಮಂಡಿಯ ಆಪರೇಷನ್ ಆಗಿದ್ದರೆ, ಹಣ ಕಟ್ಟುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಬಿಗಿ ಕಾಲುಚೀಲವನ್ನೂ ಅವರನ್ನು ಕೇಳಿಯೇ ಹಾಕಿ, ಕಾಲಿಗೆ ರಕ್ತ ಸರಿಯಾಗಿ ಹರಿಯದವರಿಗೆ ಅದು ಒಳ್ಳೆಯದಲ್ಲ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕಿದ್ದರೆ 48 ಗಂಟೆ ಮೊದಲೇ ತಿಳಿಸಿ. ಅದಕ್ಕೆ ದುಡ್ಡಿಲ್ಲ. ಕೇಳಲು ಸಂಕೋಚವೂ ಬೇಡ.

ಚಾರ್ಟರ್‌ನಲ್ಲಿ ನಾನು ನಿಜವಾಗಿ ಹೆದರುವುದು ಬೇರೆ ವಿಷಯಕ್ಕೆ. ವಿಮಾನವೇ ತಡವಾದರೆ ಅವರ ಹೊಣೆ. ನೀವು ತಡವಾದರೆ? ಮಾಮೂಲಿ ವಿಮಾನ ತಪ್ಪಿದರೆ ಸಂಜೆಗೋ ನಾಳೆಗೋ ಇನ್ನೊಂದು ಇರುತ್ತದೆ. ಚಾರ್ಟರ್ ತಪ್ಪಿದರೆ ಮುಂದಿನದು ಒಂದು ವಾರಕ್ಕೋ ಎರಡು ವಾರಕ್ಕೋ. ಅಷ್ಟರಲ್ಲಿ ನಿಮ್ಮ ಪ್ರವಾಸ ಅರ್ಧವೋ ಪೂರ್ತಿಯೋ ಮುಗಿದಿರುತ್ತದೆ. ಜನವರಿಯ ಬೆಳಗ್ಗೆ ರಸ್ತೆಯಲ್ಲಿ ಹಿಮ, ಮಂಜು ಏನು ಬೇಕಾದರೂ ಇರಬಹುದು. ಮನೆ ಹತ್ತಿರವೇ ಇದ್ದರೂ ಹಿಂದಿನ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹೋಟೆಲ್ಲಿನಲ್ಲಿ ಉಳಿಯಿರಿ. ಬೆಳಗ್ಗೆ ನಡೆದೋ ಸಣ್ಣ ಬಸ್ಸಿನಲ್ಲೋ ಹೋಗಬಹುದು. ಇನ್ಶೂರೆನ್ಸ್‌ನಲ್ಲೂ ವಿಮಾನ ತಪ್ಪಿದರೆ ಕೊಡುವ ಭಾಗ ಇದೆಯೇ, ಕ್ರೂಸ್‌ಗೆ ಬೇರೆ ರಕ್ಷಣೆ ಸೇರಿದೆಯೇ ನೋಡಿ. ನಡುಸಮುದ್ರದಿಂದ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಖರ್ಚು ಮಾಮೂಲಿ ಪಾಲಿಸಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ತಡ ಆದರೆ ಕೇಳುವವರಿಲ್ಲ ಅನ್ನುವ ಮಾತು ಮಾತ್ರ ತಪ್ಪು. ವಿಮಾನ ತಡವಾದರೆ ಪರಿಹಾರ ಕೊಡುವ ಬ್ರಿಟನ್ನಿನ ಕಾನೂನು ಚಾರ್ಟರ್‌ಗೂ ಅನ್ವಯಿಸುತ್ತದೆ. ಮ್ಯಾಂಚೆಸ್ಟರ್‌ನಿಂದ ಬಾರ್ಬಡೋಸ್ 3,500 ಕಿಲೋಮೀಟರಿಗಿಂತ ಎಷ್ಟೋ ಹೆಚ್ಚು ದೂರ. ಹಾಗಾಗಿ ನಾಲ್ಕು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ ತಲಾ 520 ಪೌಂಡ್, ಮೂರರಿಂದ ನಾಲ್ಕು ಗಂಟೆ ತಡವಾದರೆ 260 ಪೌಂಡ್. ಕಾಯುವಾಗ ಊಟ ತಿಂಡಿ ಬೇರೆ. ವಾಪಸ್ ಬರುವಾಗಲೂ ಇದು ಸಿಗುತ್ತದೆ, ವಿಮಾನ ಬ್ರಿಟನ್ನಿನ ಅಥವಾ ಯುರೋಪಿಯನ್ ಒಕ್ಕೂಟದ ಕಂಪನಿಯದ್ದಾಗಿರಬೇಕು ಅಷ್ಟೇ. ಬಿರುಗಾಳಿ, ವಿಮಾನ ನಿಯಂತ್ರಣದವರ ಮುಷ್ಕರದಂಥ ಕಾರಣಕ್ಕೆ ತಡವಾದರೆ ಈ ದುಡ್ಡು ಇಲ್ಲ. ಯಂತ್ರ ಕೆಟ್ಟಿತು ಅನ್ನುವುದು ಸಾಮಾನ್ಯವಾಗಿ ನೆಪ ಆಗುವುದಿಲ್ಲ, 2014ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಅದನ್ನು ಸ್ಪಷ್ಟವಾಗಿ ಹೇಳಿದೆ. ಅರ್ಜಿ ಹಾಕಬೇಕಾದ್ದು ಹಾರಿಸಿದ ವಿಮಾನ ಕಂಪನಿಗೆ, ಹಡಗಿನ ಕಂಪನಿಗೆ ಅಲ್ಲ. ಅನೇಕರು ಇಲ್ಲೇ ಎಡವಿ ತಿಂಗಳುಗಟ್ಟಲೆ ಕಾಯುತ್ತಾರೆ.

ಕಂಪನಿಯೇ ಮುಳುಗಿದರೆ ಎಂಬ ಭಯ ಕೆಲವರಿಗಿದೆ. 2019ರ ಸೆಪ್ಟೆಂಬರಿನಲ್ಲಿ ಥಾಮಸ್ ಕುಕ್ ಎಂಬ ಪ್ರವಾಸ ಕಂಪನಿ ಮುಚ್ಚಿದಾಗ ಸುಮಾರು ಒಂದೂವರೆ ಲಕ್ಷ ಜನ ಬ್ರಿಟನ್ನಿನ ಹೊರಗಿದ್ದರು. ಅವರನ್ನು ವಾಪಸ್ ಕರೆತರುವ ಕೆಲಸವನ್ನು ಅಲ್ಲಿನ ವಿಮಾನಯಾನ ಪ್ರಾಧಿಕಾರ ಮಾಡಿತು. ವಿಮಾನ ಸೇರಿದ ಪ್ಯಾಕೇಜಿಗೆ ಅಟಾಲ್ ಎಂಬ ರಕ್ಷಣೆ ಇರುತ್ತದೆ. ದುಡ್ಡು ಕಟ್ಟಿದ ಕೂಡಲೇ ಅದರ ಪ್ರಮಾಣಪತ್ರ ಕೈಗೆ ಬರಬೇಕು. ಬರದಿದ್ದರೆ ಅದೇ ದಿನ ಕೇಳಿ. ವಿಮಾನ ಕಂಪನಿಯಿಂದ ನೇರವಾಗಿ ಬರೀ ಟಿಕೆಟ್ ಕೊಂಡರೆ ಈ ರಕ್ಷಣೆ ಇರುವುದಿಲ್ಲ.

ಪೆಟ್ಟಿಗೆಗೆ ಏನಾದರೂ ಆದರೆ ವಿಮಾನ ಕಂಪನಿಗಳ ಹೊಣೆಯನ್ನು ಹೇಳುವ ಮಾಂಟ್ರಿಯಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಲೆಕ್ಕ ಬರುತ್ತದೆ. ಹಾಳಾಗಿದ್ದರೆ ಏಳು ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕಿದ 21 ದಿನದೊಳಗೆ ಬರೆದು ಕೊಡಬೇಕು. ಹಡಗಿನಲ್ಲಿರುವಾಗ ದಿನಗಳು ಹೋದದ್ದೇ ಗೊತ್ತಾಗುವುದಿಲ್ಲ, ಆದ್ದರಿಂದ ಮೊದಲ ರಾತ್ರಿಯೇ ಸ್ವಾಗತ ಕೌಂಟರಿನಲ್ಲಿ ದೂರು ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಇಬ್ಬರ ಬಟ್ಟೆಯನ್ನೂ ಎರಡೂ ಪೆಟ್ಟಿಗೆಗೆ ಅರ್ಧರ್ಧ ಹಂಚಿ. ಒಂದು ಬರದಿದ್ದರೂ ಇಬ್ಬರಿಗೂ ಉಡಲು ಏನಾದರೂ ಇರುತ್ತದೆ.

ಹೋಗುವ ದಿನಕ್ಕಿಂತ ಬರುವ ದಿನ ಕಷ್ಟ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೋಗುವಾಗ ಹೊತ್ತು ನಿಮ್ಮ ಕಡೆಗಿರುತ್ತದೆ. ಚಳಿಗಾಲದಲ್ಲಿ ಬಾರ್ಬಡೋಸ್ ಬ್ರಿಟನ್ನಿಗಿಂತ ನಾಲ್ಕು ಗಂಟೆ ಹಿಂದೆ. ಬೆಳಗ್ಗೆ ಹತ್ತಕ್ಕೆ ಹೊರಟು ಒಂಬತ್ತು ಗಂಟೆ ಹಾರಿದರೆ ಅಲ್ಲಿ ಮಧ್ಯಾಹ್ನ ಮೂರು. ಬಿಸಿಲು ಇರುವಾಗಲೇ ಹಡಗು ಸೇರುತ್ತೀರಿ. ಬರುವಾಗ ಬೆಳಗ್ಗೆ ಎಂಟು ಒಂಬತ್ತಕ್ಕೆಲ್ಲಾ ಕೋಣೆ ಬಿಟ್ಟುಕೊಡಬೇಕು. ವಿಮಾನ ಸಂಜೆಗೆ. ಆ ಏಳೆಂಟು ಗಂಟೆ ಹಡಗಿನಲ್ಲೇ ಕೂರಲು ಬಿಡುತ್ತಾರೆ, ಊಟವೂ ಇರುತ್ತದೆ, ಆದರೆ ಮಲಗಲು ಸ್ವಂತ ಜಾಗ ಇಲ್ಲ. ಆಮೇಲೆ ಸೀಟಿನಲ್ಲೇ ರಾತ್ರಿ ಕಳೆದು ಬೆಳಗ್ಗೆ ಚಳಿಯಲ್ಲಿ ಇಳಿಯುತ್ತೀರಿ.

ಒಂದೇ ಕಡೆಗೆ ಪ್ರೀಮಿಯಂ ಕೊಳ್ಳುವಷ್ಟು ದುಡ್ಡಿದ್ದರೆ ಅದನ್ನು ವಾಪಸ್ ಬರುವ ರಾತ್ರಿಗೆ ಇಟ್ಟುಕೊಳ್ಳಿ. ಕೆಲವು ಹಡಗುಗಳಲ್ಲಿ ಕೊನೆಯ ದಿನ ಮಧ್ಯಾಹ್ನದ ತನಕ ಕೋಣೆ ಉಳಿಸಿಕೊಳ್ಳಲು ಹೆಚ್ಚಿಗೆ ಕಟ್ಟಿಸಿಕೊಳ್ಳುತ್ತಾರೆ, ಹತ್ತಿದ ಮೊದಲ ವಾರದಲ್ಲೇ ವಿಚಾರಿಸಿ. ಸ್ವೆಟರ್, ಕೋಟು, ಮುಚ್ಚಿದ ಬೂಟು ಹಿಂದಿನ ರಾತ್ರಿ ಪೆಟ್ಟಿಗೆಯೊಳಗೆ ಹೋಗದಂತೆ ನೋಡಿಕೊಳ್ಳಿ. ಕೊನೆಯ ಸಂಜೆ ಪೆಟ್ಟಿಗೆಗಳನ್ನು ಹೊರಗಿಡುವ ಆತುರದಲ್ಲಿ ಇವನ್ನೆಲ್ಲಾ ತುಂಬಿಬಿಟ್ಟು ಚಪ್ಪಲಿಯಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಳಿದವರನ್ನು ನಾನು ಕಂಡಿದ್ದೇನೆ. ಮನೆಗೆ ಕಾರು ಓಡಿಸಿಕೊಂಡು ಹೋಗಲೇಬೇಡಿ. ನಿದ್ದೆಗೆಟ್ಟ ಕಣ್ಣು, ಜನವರಿಯ ರಸ್ತೆ, ಎರಡೂ ಸೇರಬಾರದು. ಯಾರಾದರೂ ಕರೆದೊಯ್ಯಲಿ, ಇಲ್ಲ ಟ್ಯಾಕ್ಸಿ ಮೊದಲೇ ಹೇಳಿಡಿ.

ಹಾಗಾದರೆ ಸ್ವಂತ ಟಿಕೆಟ್ ಯಾರಿಗೂ ಬೇಡವೇ? ಬೇಕು. ಬಾರ್ಬಡೋಸ್‌ನಲ್ಲೇ ನಾಲ್ಕು ದಿನ ಮೊದಲೇ ಇರಬೇಕು ಅನ್ನುವವರಿಗೆ, ಪೂರ್ತಿ ಮಲಗುವ ಸೀಟು ಇಲ್ಲದೆ ಆಗುವುದೇ ಇಲ್ಲ ಅನ್ನುವವರಿಗೆ ಅದೇ ಸರಿ. ಚಾರ್ಟರ್‌ಗಳಲ್ಲಿ ಅಂಥ ಸೀಟು ಇರುವುದು ಅಪರೂಪ. ಆ ದಾರಿ ಹಿಡಿದರೆ ಕನಿಷ್ಠ ಎರಡು ದಿನ ಮೊದಲು ಅಲ್ಲಿರಬೇಕು, ಒಂದೇ ದಿನ ಸಾಲದು. ಅಮೆರಿಕದ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡರೆ ನೆನಪಿಡಿ, ವಿಮಾನ ಬದಲಿಸಲು ಇಳಿದರೂ ಅಲ್ಲಿನ ಅನುಮತಿ ಅಥವಾ ವೀಸಾ ಬೇಕು. ಮೊದಲು ಪ್ಯಾಕೇಜ್ ತಗೊಂಡು, ಆಮೇಲೆ ಹೋಗುವ ವಿಮಾನ ಮಾತ್ರ ಬಿಟ್ಟು ಬರುವಾಗ ಹತ್ತುತ್ತೇನೆ ಎಂದು ನೀವಾಗಿಯೇ ತೀರ್ಮಾನಿಸಬೇಡಿ. ಹೋಗುವಾಗ ಹತ್ತದಿದ್ದರೆ ಬರುವ ಸೀಟೂ ರದ್ದಾಗಬಹುದು. ಕಂಪನಿಯ ಒಪ್ಪಿಗೆ ಬರಹದಲ್ಲಿ ಬೇಕು.

ಇನ್ನು ನೀವು ನಾಳೆ ಮಾಡಬೇಕಾದ್ದು. ಕಂಪನಿಗೆ ಫೋನ್ ಮಾಡಿ, ಆ ದಿನದ ವಿಮಾನ ಮ್ಯಾಂಚೆಸ್ಟರ್‌ನಿಂದಲೇ ನೇರವಾಗಿದೆಯೇ, ಯಾರದ್ದು, ಸೀಟಿನ ದೂರ ಎಷ್ಟು ಇಂಚು, ಪ್ರೀಮಿಯಂನಲ್ಲಿ ಎರಡು ಸೀಟು ಜೊತೆಗೆ ಉಳಿದಿವೆಯೇ ಕೇಳಿ. ಹಡಗು ಮುಟ್ಟುವ ದ್ವೀಪಗಳ ಪಟ್ಟಿ ಇಟ್ಟುಕೊಂಡು, ನಿಮ್ಮಿಬ್ಬರ ಪಾಸ್‌ಪೋರ್ಟಿಗೆ ಯಾವುದಕ್ಕೆ ವೀಸಾ ಬೇಕು ಎಂದೂ ಕೇಳಿ. ಮಾರ್ಟಿನಿಕ್, ಗ್ವಾಡಲೂಪ್ ಇದ್ದರೆ ವಿಶೇಷ ಗಮನ ಇರಲಿ. ಅವು ಫ್ರಾನ್ಸಿಗೆ ಸೇರಿದ್ದರೂ, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದ ಹೊರಗಿವೆ. ಜನವರಿಯ ಆ ವಾರಕ್ಕೆ ಪ್ರೀಮಿಯಂ ಸೀಟು ಮುಗಿದಿದ್ದರೆ ಅದರ ಹಿಂದಿನ, ಮುಂದಿನ ವಾರಗಳನ್ನೂ ನೋಡಲು ಹೇಳಿ. ನಿಮ್ಮ ಮಂಡಿಗೆ ಹೊಂದುವ ಸೀಟು ಸಿಗುವ ವಾರವನ್ನೇ ಆರಿಸಿಕೊಳ್ಳಿ.